ಬುತ್ತಿಯೋ, ಛತ್ರವೋ?

ಹಿಂದಿನ ಕಾಲದಲ್ಲಿ ದೂರದ ಪ್ರಯಾಣಕ್ಕೆ ಹೊರಡುವವರಲ್ಲಿ ಎರಡು ಬಗೆಯವರಿದ್ದರು. ಒಬ್ಬರು ರೊಟ್ಟಿ, ಚಟ್ನಿಪುಡಿ, ನೀರಿನ ತಂಬಿಗೆ ಎಲ್ಲವನ್ನೂ ಗಂಟು ಕಟ್ಟಿ ಹೆಗಲಿಗೇರಿಸಿ ನಡೆಯುತ್ತಿದ್ದರು. ಇನ್ನೊಬ್ಬರು ದಾರಿಯ ಛತ್ರಗಳನ್ನು ನಂಬಿ ಬರಿಗೈಯಲ್ಲಿ ಹೊರಡುತ್ತಿದ್ದರು. ಬುತ್ತಿ ಹೊತ್ತವನಿಗೆ ಭಾರ. ಛತ್ರ ನಂಬಿದವನಿಗೆ ಬಾಗಿಲು ಮುಚ್ಚಿದ್ದರೆ ಗತಿಯೇನೆಂಬ ಭಯ. ಈ ಹಳೆಯ ತೊಡಕು ನಮ್ಮ ಕಾಲೇಜಿನ ಗಣಕಯಂತ್ರದ ಕೊಠಡಿಯೊಳಗೂ ಬಂದು ಕುಳಿತಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಕಲಾ ವಿಭಾಗದ ವಿದ್ಯಾರ್ಥಿಗೆ ತಂತ್ರಾಂಶದ ಗೊಡವೆ ಏಕೆಂದು ಕೇಳುವವರೂ ನಮ್ಮಲ್ಲಿದ್ದಾರೆ. ಅವರಿಗೆ ನನ್ನ ಉತ್ತರವನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮುಕ್ತ ತಂತ್ರಾಂಶವೆಂದರೆ, ಯಾರು ಬೇಕಾದರೂ ಬಳಸಬಹುದಾದ, ಓದಿ ತಿದ್ದಬಹುದಾದ, ಇತರರಿಗೆ ಹಂಚಬಹುದಾದ ತಂತ್ರಾಂಶ. ಹಣ ತೆತ್ತು ಕೊಳ್ಳಲಾರದ ನಮ್ಮಂಥವರಿಗೆ ಇದೊಂದು ವರವೇ ಸರಿ. ನಾವು ಪ್ರಬಂಧ ಬರೆಯಲು ಉಪಯೋಗಿಸುವ ಲಿಬ್ರೆಆಫೀಸ್ ಇಂಥದು. ಅದರಲ್ಲಿ ‘ಸ್ವಾತಂತ್ರ್ಯ’ ಎಂದು ಬೆರಳಚ್ಚು ಮಾಡಿದೊಡನೆ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಬಂದು ಕೂರುತ್ತವೆ. ಅವನ್ನು ಹಾಗೆ ಕೂರಿಸುವುದು ಹಾರ್ಫ್‌ಬಜ್ ಎಂಬ ಬೇರೊಂದು ಮುಕ್ತ ತಂತ್ರಾಂಶ. ಫೈರ್‌ಫಾಕ್ಸಿನಲ್ಲಿ ಕನ್ನಡವನ್ನು ಓದುವಾಗಲೂ, ಆಂಡ್ರಾಯ್ಡ್ ಫೋನಿನಲ್ಲಿ ಗೆಳೆಯನಿಗೆ ನಾಲ್ಕು ಸಾಲು ಬರೆಯುವಾಗಲೂ ದುಡಿಯುವುದು ಅದೇ. ಅಕ್ಷರಗಳಿಗೆ ಆಕಾರ ಕೊಡುವ ಲೋಹಿತ್, ಗುಬ್ಬಿ, ನವಿಲು ಮೊದಲಾದ ಫಾಂಟುಗಳನ್ನು ಮಾಡಿದವರು ಮತ್ತೆ ಬೇರೆಯವರು. ಹೀಗೆ ಒಂದು ತಂತ್ರಾಂಶ ಇನ್ನೊಂದನ್ನು ಆಶ್ರಯಿಸುವುದನ್ನು ಅವಲಂಬನೆ ಎನ್ನೋಣ. ಅವಲಂಬಿಸಿದ ಎಲ್ಲವನ್ನೂ ತಕ್ಕ ಆವೃತ್ತಿಯಲ್ಲಿ ಹೊಂದಿಸಿ, ಬಳಸುವವನ ಯಂತ್ರಕ್ಕೆ ಒಗ್ಗುವಂತೆ ಕಟ್ಟಿಕೊಡುವ ಕೆಲಸವೇ ಪ್ಯಾಕೇಜಿಂಗ್.

ಈ ಕೆಲಸ ಸುಲಭದ್ದಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಂದೇ ಮೂಲಬರಹವನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಬೇಕು. ಒಂದು ತಂತ್ರಾಂಶಕ್ಕೆ ಹಳೆಯ ಆವೃತ್ತಿ ಬೇಕು, ಪಕ್ಕದ್ದಕ್ಕೆ ಹೊಸದೇ ಆಗಬೇಕು. ಇಬ್ಬರನ್ನೂ ಒಂದೇ ಮನೆಯಲ್ಲಿ ಬಾಳಿಸಬೇಕು. ಇದಕ್ಕೆ ಜನ ಕಂಡುಕೊಂಡ ದಾರಿಗಳು ಮುಖ್ಯವಾಗಿ ಎರಡು. ವಿಂಡೋಸಿಗಾಗಿ ಸಿದ್ಧವಾದ ಲಿಬ್ರೆಆಫೀಸ್ ತನಗೆ ಬೇಕಾದ ಹಾರ್ಫ್‌ಬಜ್ ಮುಂತಾದುವನ್ನು ತನ್ನ ಗಂಟಿನಲ್ಲೇ ಹೊತ್ತು ಬರುತ್ತದೆ. ಇದು ಬುತ್ತಿಯ ದಾರಿ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಹಿಡಿದುದು ಛತ್ರದ ದಾರಿ. ಅಲ್ಲಿ ಪ್ರತಿಯೊಂದು ಪ್ಯಾಕೇಜೂ ತನಗೆ ಏನೇನು ಬೇಕೆಂಬುದನ್ನು ಬರೆದು ತಿಳಿಸುತ್ತದೆ. ಹಾರ್ಫ್‌ಬಜ್ ಒಮ್ಮೆ ಬಂದರೆ ಎಲ್ಲರೂ ಅದನ್ನೇ ಹಂಚಿಕೊಳ್ಳುತ್ತಾರೆ. 2023ರಲ್ಲಿ ಹೊರಬಂದ ಡೆಬಿಯನ್ 12ರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದುವು. ಅವನ್ನು ಕಟ್ಟಿದವರಲ್ಲಿ ಬಹುಮಂದಿ ಸ್ವಯಂಸೇವಕರು.

ಬುತ್ತಿಯೇ ಮೇಲೆಂದು ನನ್ನ ಸಹಪಾಠಿಯೊಬ್ಬರು ವಾದಿಸುತ್ತಾರೆ. “ನನ್ನದು ನನ್ನ ಬಳಿ ಇದ್ದರೆ ಯಾರ ಹಂಗೂ ಇಲ್ಲ. ಇಂದು ನಡೆದದ್ದು ನಾಳೆಯೂ ನಡೆಯುತ್ತದೆ” ಎಂಬುದು ಅವರ ಮಾತು. ಇದರಲ್ಲಿ ಸತ್ಯವಿಲ್ಲದಿಲ್ಲ. ಹಂಚಿಕೊಳ್ಳುವ ಏರ್ಪಾಡೇ ಇಲ್ಲದ ಕಡೆ ಬುತ್ತಿಯಿಲ್ಲದೆ ಗತಿಯಿಲ್ಲ. ಆದರೆ ಬುತ್ತಿಯೊಳಗಿನ ಅನ್ನ ಹಳಸಿದರೆ ತಿಳಿಯುವುದು ಹೇಗೆ? 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ಘೋರವಾದ ದೋಷವೊಂದು ಪ್ರಕಟವಾಯಿತು. ದೂರದಲ್ಲಿ ಕುಳಿತ ದುರುಳನು ಅದರ ಮೂಲಕ ಪರರ ಸರ್ವರನ್ನೇ ಕೈವಶ ಮಾಡಿಕೊಳ್ಳಬಹುದಾಗಿತ್ತು. ತಿದ್ದುಪಡಿ ಬೇಗನೆ ಬಂದಿತು. ಆದರೆ ಆ ಲೈಬ್ರರಿ ಅಸಂಖ್ಯಾತ ತಂತ್ರಾಂಶಗಳ ಗಂಟಿನೊಳಗಣ ಗಂಟಿನಲ್ಲಿ ಅಡಗಿತ್ತು. ತಮ್ಮಲ್ಲಿ ಅದು ಇದೆಯೋ ಇಲ್ಲವೋ ಎಂಬುದೇ ಎಷ್ಟೋ ಸಂಸ್ಥೆಗಳಿಗೆ ತಿಳಿದಿರಲಿಲ್ಲ. ಛತ್ರದ ಹಂಡೆಗೆ ಹಲ್ಲಿ ಬಿದ್ದರೆ ಒಂದು ಹಂಡೆಯನ್ನು ಚೆಲ್ಲಿದರಾಯಿತು. ಸಾವಿರ ಬುತ್ತಿಗಳಲ್ಲಿ ಬಿದ್ದರೆ ಸಾವಿರವನ್ನೂ ಬಿಚ್ಚಿ ನೋಡಬೇಕು.

ಹಾಗಾದರೆ ಛತ್ರವನ್ನು ಕಣ್ಣುಮುಚ್ಚಿ ನಂಬಬಹುದೇ? ಅದೂ ಸಲ್ಲದು. 2016ರ ಮಾರ್ಚಿಯಲ್ಲಿ ಎನ್‌ಪಿಎಂ ಎಂಬ ಸಾರ್ವಜನಿಕ ಉಗ್ರಾಣದಿಂದ ಒಬ್ಬ ಲೇಖಕನು, ಹೆಸರಿನ ವ್ಯಾಜ್ಯದಿಂದ ಬೇಸತ್ತು, ತನ್ನ ಪ್ಯಾಕೇಜುಗಳನ್ನು ಹಿಂದಕ್ಕೆ ತೆಗೆದುಕೊಂಡನು. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದು ಕೇವಲ 11 ಸಾಲಿನದು. ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ಆಶ್ರಯಿಸಿದ್ದ ದೊಡ್ಡ ದೊಡ್ಡ ಯೋಜನೆಗಳ ಕೆಲಸ ಜಗತ್ತಿನ ಎಷ್ಟೋ ಕಡೆ ನಿಂತುಹೋಯಿತು. ಕೆಲವು ಗಂಟೆಗಳಲ್ಲಿ ಅದನ್ನು ಮರಳಿ ಇಡಬೇಕಾಯಿತು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದ ಕಥೆ ಇದಕ್ಕಿಂತ ದಾರುಣವಾದದ್ದು. ಅದನ್ನು ಬಹುಕಾಲ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. ಅಪರಿಚಿತನೊಬ್ಬನು ಸಹಾಯಕನಾಗಿ ಬಂದು, ಎರಡು ವರ್ಷಕ್ಕೂ ಮಿಕ್ಕಿ ದುಡಿದು, ವಿಶ್ವಾಸ ಗಳಿಸಿ, ಕಡೆಗೆ ಅದರೊಳಗೆ ಕಳ್ಳಬಾಗಿಲನ್ನಿಟ್ಟನು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಯಂತ್ರದೊಳಗೆ ದೂರದಿಂದ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಗಮನಿಸಿ, ಬೆನ್ನುಹತ್ತಿ ಅದನ್ನು ಬಯಲಿಗೆಳೆದರು. ಹೊಸ ಆವೃತ್ತಿಗಳನ್ನು ಬಹುದಿನ ಪರೀಕ್ಷಿಸಿದ ಮೇಲೆಯೇ ಸೇರಿಸಿಕೊಳ್ಳುವ ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಆ ವಿಷ ತಲುಪಿರಲಿಲ್ಲ.

ಇವುಗಳಿಂದ ನನಗೆ ತೋರುವುದಿಷ್ಟು: ಛತ್ರದ ದಾರಿಯೇ ಒಳ್ಳೆಯದು, ಆದರೆ ಛತ್ರವೆಂದರೆ ಗೋಡೆಯಲ್ಲ, ಒಲೆಯ ಮುಂದೆ ನಿಂತವನು. ಅವನೊಬ್ಬನನ್ನೇ ಬಿಟ್ಟು ಉಂಡೆದ್ದುಹೋಗುವವರು ನಾವು. ಹೊಸ ತಂತ್ರಾಂಶ ಬರೆದವನಿಗೆ ಕೀರ್ತಿಯುಂಟು; ಬೇರೊಬ್ಬನು ಬರೆದುದನ್ನು ವರ್ಷಗಟ್ಟಲೆ ಕಟ್ಟಿ, ಪರೀಕ್ಷಿಸಿ, ಕಾಯುವವನ ಹೆಸರನ್ನು ಕೇಳಿದವರಾರು? ಗ್ರಂಥಪಾಲಕನಿಲ್ಲದ ಗ್ರಂಥಾಲಯ ಪುಸ್ತಕದ ರಾಶಿ ಮಾತ್ರವೆಂದು ಬಲ್ಲ ನಾವು, ಈ ಮಾತನ್ನು ತಂತ್ರಾಂಶಕ್ಕೂ ಏಕೆ ಅನ್ವಯಿಸಬಾರದು?

ಕಲಾ ವಿದ್ಯಾರ್ಥಿಗಳಿಂದ ಏನಾದೀತೆಂದು ಹಿಂಜರಿಯಬೇಕಾಗಿಲ್ಲ. ನಮ್ಮ ಕೊಠಡಿಯ ಯಂತ್ರಗಳಲ್ಲಿ ಯಾವ ತಂತ್ರಾಂಶ, ಯಾವ ಆವೃತ್ತಿ, ಎಲ್ಲಿಂದ ಬಂದದ್ದು ಎಂಬ ಪಟ್ಟಿಯೊಂದನ್ನು ಬರೆದಿಡಬಹುದು. ದೋಷ ಪ್ರಕಟವಾದ ದಿನ ಹುಡುಕುವ ಶ್ರಮ ಬಹಳಷ್ಟು ಕಡಮೆಯಾಗುತ್ತದೆ. ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಳ್ಳುವ ಚಾಳಿಯನ್ನು ಬಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಒಡೆದರೆ ಹಾರ್ಫ್‌ಬಜ್‌ನವರಿಗೆ ಅದು ಕಾಣದೇ ಹೋಗಬಹುದು. ನಮ್ಮ ಕಣ್ಣಿಗೆ ಕೂಡಲೆ ಬೀಳುತ್ತದೆ. ಯಾವ ಪದ, ಯಾವ ಫಾಂಟು, ಯಾವ ಆವೃತ್ತಿ ಎಂದು ಸ್ಪಷ್ಟವಾಗಿ ಬರೆದು ಕಳುಹಿಸಿದರೆ ಅದೇ ದೊಡ್ಡ ಸೇವೆ. ಡೆಬಿಯನ್ನಿಗೆ ದೋಷವನ್ನು ತಿಳಿಸಲು ಒಂದು ಇ-ಅಂಚೆ ಸಾಕು. ಕನ್ನಡ ಬಲ್ಲವರು ಮಾಡಬಹುದಾದ ಈ ಕೆಲಸಕ್ಕೆ ವಿಜ್ಞಾನದ ಪದವಿ ಬೇಕಿಲ್ಲ.

ಬರುವ ವರ್ಷ ನಮ್ಮ ಕನ್ನಡ ಸಂಘವೂ ಗಣಕಯಂತ್ರದ ಕೊಠಡಿಯ ಅಧ್ಯಾಪಕರೂ ಕೂಡಿ ಈ ಕೆಲಸಕ್ಕೆ ವಾರಕ್ಕೊಂದು ಗಂಟೆಯನ್ನು ಮೀಸಲಿಡಬೇಕೆಂದು ನನ್ನ ಸವಿನಯ ಸೂಚನೆ. ಅನ್ನ ಉಂಡ ಮನೆಗೆ ಒಂದು ಹೊರೆ ಸೌದೆಯನ್ನಾದರೂ ಒದಗಿಸುವುದು ನ್ಯಾಯವಲ್ಲವೇ?