ಕಾರಖಾನೆ ಕಡಲಾಚೆಗೆ ಹೋಗುವುದೇಕೆ?

ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕ ಎಷ್ಟೇ ಸಿಟ್ಟಾದರೂ ಗಿರಣಿಯನ್ನು ಆಫ್ರಿಕಕ್ಕೆ ಹೊತ್ತೊಯ್ಯಲಾರ. ಭತ್ತ ಬೆಳೆಯುವುದು ತುಂಗಭದ್ರೆಯ ನೀರಿನಲ್ಲಿ. ಹೊಟ್ಟು ಸಹಿತ ಅದನ್ನು ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭವನ್ನು ನುಂಗೀತು. ಹೊಲಿಗೆ ಯಂತ್ರಕ್ಕೆ ಇಂಥ ಕಟ್ಟಿಲ್ಲ. ಬಟ್ಟೆ ಒಂದು ದೇಶದ್ದು, ತೊಡುವವನು ಇನ್ನೊಂದು ದೇಶದವನು. ನಡುವೆ ಒಂದು ಷೆಡ್ಡು, ಕರೆಂಟು, ದುಡಿಯುವ ಕೈ ಇದ್ದರಾಯಿತು.

ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿ 1979ರಲ್ಲಿ ಆರಂಭವಾದದ್ದು. ಕರ್ನಾಟಕದ ಹೆಣ್ಣುಮಕ್ಕಳ ದುಡಿಮೆಯಿಂದ ಅದು ಬೆಳೆಯಿತು. 2023ರ ಆಗಸ್ಟಿನಲ್ಲಿ ದುಬೈನ ಅಟ್ರಾಕೋ ಸಮೂಹವನ್ನು ಸುಮಾರು 5.5 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಹಾಗೆ ಕೀನ್ಯ, ಇಥಿಯೋಪಿಯಗಳ ಕಾರಖಾನೆಗಳು ಅದರ ಕೈಸೇರಿದವು. ಇಲ್ಲಿಯದಕ್ಕೆ ಬೀಗ ಹಾಕಿ ಹೋದದ್ದಲ್ಲ. ಬೆಳೆಯುವಾಗ ಕಾಲು ಚಾಚಿದ್ದು ಅತ್ತ.

ನಮ್ಮವರು ಹೆಚ್ಚು ಕೂಲಿ ಕೇಳಿದ್ದರಿಂದಲೇ ಹೀಗಾಯಿತೆನ್ನುವ ಪಂಡಿತರಿದ್ದಾರೆ. ಕೀನ್ಯದ ಕೂಲಿ ನಮ್ಮದಕ್ಕಿಂತ ಬಹಳ ಅಗ್ಗವೇನಲ್ಲ. ಗುಟ್ಟಿರುವುದು ಸುಂಕದಲ್ಲಿ. ಅಮೇರಿಕವು 2000ದಲ್ಲಿ ಮಾಡಿದ ‘ಅಗೋವ’ ಕಾನೂನು ಆಫ್ರಿಕದ ಆಯ್ದ ದೇಶಗಳ ಸಿದ್ಧ ಉಡುಪನ್ನು ಸುಂಕವಿಲ್ಲದೆ ಒಳಬಿಟ್ಟಿತು. ಬಟ್ಟೆ ಚೀನದ್ದಾದರೂ ಅಡ್ಡಿಯಿರಲಿಲ್ಲ. ಬೆಂಗಳೂರಿನಲ್ಲಿ ಹೊಲಿದ ಹತ್ತಿಯ ಷರಾಯಿಯಾದರೆ ನೂರಕ್ಕೆ ಸುಮಾರು 16, ಕೃತಕ ನೂಲಿನ ಕೆಲವು ಉಡುಪುಗಳಾದರೆ 32ರ ತನಕ ತೆರಬೇಕಿತ್ತು. ನೂರಕ್ಕೆ ಹತ್ತು ಗಿಟ್ಟಿದರೆ ಹಿಗ್ಗುವ ಧಂದೆಯಲ್ಲಿ ಇದು ಸಣ್ಣ ಅಂತರವೇ? ಅಂಗಡಿ ಇಟ್ಟವರಿಗೆ ನಾನು ಲೆಕ್ಕ ಹೇಳಿಕೊಡಬೇಕಿಲ್ಲ. 2025ರ ಆಗಸ್ಟಿನಲ್ಲಿ ಅಮೇರಿಕ ಭಾರತದ ಮಾಲಿನ ಮೇಲೆ ನೂರಕ್ಕೆ 50ರಷ್ಟು ಹೆಚ್ಚುವರಿ ಸುಂಕ ಹೇರಿದಾಗ ಈ ಹಿಸಾಬು ಇನ್ನಷ್ಟು ಬಲವಾಯಿತು.

ಅಗ್ಗದ ಕೂಲಿಯ ಆಸೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇಥಿಯೋಪಿಯದ ಹವಾಸ್ಸ ಪಟ್ಟಣದ ಉಡುಪು ಕಾರಖಾನೆಗಳಲ್ಲಿ ಮೂಲ ಕೂಲಿ ತಿಂಗಳಿಗೆ 26 ಡಾಲರೆಂದು 2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವರದಿಯೊಂದು ಹೇಳಿತು. ಅಲ್ಲಿ ಟಿಗ್ರೇ ಯುದ್ಧ ಹತ್ತಿತು. 2022ರ ಜನವರಿ 1ರಿಂದ ಅಮೇರಿಕ ಆ ದೇಶಕ್ಕೆ ಸುಂಕದ ರಿಯಾಯಿತಿ ನಿಲ್ಲಿಸಿತು. ಹಾಗಾಗುವ ಸುಳಿವು ಸಿಕ್ಕಾಗಲೇ ದೊಡ್ಡ ಅಮೇರಿಕನ್ ಕಂಪೆನಿಯೊಂದು ಅಲ್ಲಿಯ ಕಾರಖಾನೆ ಮುಚ್ಚಿತ್ತು. ಬಂದೂಕು ಹಿಡಿಯದ ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಅವರು ನಮ್ಮ ಅನ್ನ ಕಸಿದವರೆಂದು ಯಾವ ಬಾಯಿಂದ ಹೇಳೋಣ?

ಇತ್ತ ನಮ್ಮ ರಾಜ್ಯದಲ್ಲಿ, 2020ರ ಏಪ್ರಿಲ್‌ನಿಂದ ಸಿಗಬೇಕಾಗಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ 417 ರೂಪಾಯಿಯನ್ನು, ಅನೇಕ ಗಾರ್ಮೆಂಟ್ಸ್ ಮಾಲೀಕರು ಹಿಡಿದಿಟ್ಟರು. ಅದನ್ನು ಬಿಡಿಸಿಕೊಳ್ಳಲು ಕೆಲಸಗಾರ್ತಿಯರು ವರ್ಷಗಟ್ಟಲೆ ಹೋರಾಡಿದರು. ಇದು ಕೂಲಿಕಾರರ ಪ್ರಶ್ನೆ, ನಮಗೇನು ಎಂದು ವ್ಯಾಪಾರಿ ಬಂಧುಗಳು ಸುಮ್ಮನಿರಬಾರದು. ಮಾಲೀಕನ ಲಾಭ ನೈರೋಬಿಗೆ ಹೋಗಬಲ್ಲದು. ಆ 417 ರೂಪಾಯಿ ಬಟವಾಡೆಯ ಸಂಜೆ ಓಣಿಯ ಕಿರಾಣಿ ಅಂಗಡಿಗೇ ಬರುತ್ತದೆ.

2023ರ ಚುನಾವಣೆಯ ಹೊತ್ತಿಗೆ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಮಾತು ಕೊಟ್ಟರು. ಅಂಥ ಪಾರ್ಕಿನಲ್ಲಿ ಯಾವ ಕಂಪೆನಿಗೆ ಸರ್ಕಾರದ ಜಮೀನು ಕೊಟ್ಟರೂ, ಎಷ್ಟು ವರ್ಷ ಇಲ್ಲೇ ಹೊಲಿಸಬೇಕು, ಎಷ್ಟು ಕೂಲಿ ಕೊಡಬೇಕು, ಮಧ್ಯದಲ್ಲೇ ಎದ್ದು ಹೋದರೆ ಜಮೀನು ಯಾರಿಗೆ ಎಂಬುದನ್ನು ಕರಾರಿನಲ್ಲೇ ಬರೆಸಿರೆಂದು ನಮ್ಮ ಶಾಸಕರನ್ನು ಈಗಲೇ ಕೇಳಬೇಕು. ಷೆಡ್ಡು ಎದ್ದ ಮೇಲೆ ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ.