ಮಲ್ಲತ್ತಹಳ್ಳಿಯ ಮಾಳಿಗೆ, ಶರಾವತಿಯ ಕಣಿವೆ

ಹೊಗೆ ಉಗುಳದ ವಾಹನವೆಲ್ಲವೂ ಪರಿಸರಸ್ನೇಹಿ ಎಂಬ ನಂಬಿಕೆ ರಾಜಧಾನಿಯಲ್ಲಿ ಆಳವಾಗಿ ಬೇರೂರಿದೆ. ಪಶ್ಚಿಮ ಬೆಂಗಳೂರಿನ ಮಲ್ಲತ್ತಹಳ್ಳಿಯನ್ನೇ ನೋಡಬಹುದು. ಒಂದು ಕಾಲಕ್ಕೆ ಕೆರೆಯ ಮಗ್ಗುಲ ಹಳ್ಳಿಯಾಗಿದ್ದ ಈ ಬಡಾವಣೆಯ ಬೀದಿಗಳಲ್ಲಿ ಇಂದು ವಿದ್ಯುತ್ ಸ್ಕೂಟರುಗಳು ಸದ್ದಿಲ್ಲದೆ ಓಡುತ್ತವೆ. 2021ರ ಡಿಸೆಂಬರಿನಲ್ಲಿ ಬಿಎಂಟಿಸಿ ತನ್ನ ವಿದ್ಯುತ್ ಬಸ್ಸುಗಳಿಗೆ ಚಾಲನೆ ನೀಡಿದಾಗ ಅವುಗಳ ತಂಗುದಾಣಗಳಲ್ಲೊಂದು ಸಮೀಪದ ಕೆಂಗೇರಿ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿ 6ರಂದು ದೇಶಕ್ಕೆ ಬಿಡುಗಡೆಯಾದದ್ದು ತುಮಕೂರು ರಸ್ತೆಯ ಮಾದಾವರದ ಸಭಾಂಗಣದಲ್ಲಿ. ಎಲ್ಲವೂ ಹಸಿರು, ಎಲ್ಲವೂ ನಿರ್ಮಲ. ಹಾಗಾದರೆ ಮಲೆನಾಡು ಏಕೆ ಬೀದಿಗಿಳಿಯಬೇಕಾಯಿತು?

ಎಥನಾಲಿನ ಲೆಕ್ಕವನ್ನು ಮೊದಲು ಮುಗಿಸಬಹುದು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ತೆಗೆಯಲು ಕನಿಷ್ಠ 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿದೆ. ಲೀಟರಿಗೆ ಲೀಟರ್ ತೂಗಿದರೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಜೈವಿಕ ಡೀಸೆಲ್ಲಿನ ಕಥೆ ಇನ್ನೂ ಚಿಕ್ಕದು. 2009ರ ರಾಷ್ಟ್ರೀಯ ನೀತಿಯು 2017ರೊಳಗೆ ಶೇಕಡಾ 20 ಬೆರಕೆಯ ಗುರಿ ಇಟ್ಟಿತು. ಗುರಿ ಕಾಗದದಲ್ಲೇ ಉಳಿಯಿತು. ಬೇಲಿಬದಿಯ ಹೊಂಗೆ ಮಾತ್ರ ಯಾವ ನೀತಿಯ ಹಂಗೂ ಇಲ್ಲದೆ ವರ್ಷವರ್ಷ ಹೂ ಬಿಡುತ್ತಿದೆ.

ವಿದ್ಯುತ್ತಿನ ಲೆಕ್ಕ ಮಲೆನಾಡಿನ ಬುಡಕ್ಕೇ ಬರುತ್ತದೆ. ಸೌರ ವಿದ್ಯುತ್ತು ಹಗಲಿನದು, ನಗರದ ಹಸಿವು ಸಂಜೆಯದು. ಸುಮಾರು 13,000 ಎಕರೆಯಲ್ಲಿ ಹಬ್ಬಿರುವ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು ಹೊತ್ತು ಮುಳುಗಿದೊಡನೆ ಮೌನ ತಾಳುತ್ತದೆ. ಕಚೇರಿಯಿಂದ ಮರಳಿದವರು ಸ್ಕೂಟರನ್ನು ಪ್ಲಗ್ಗಿಗೆ ಸಿಕ್ಕಿಸುವುದು ಆಗಲೇ. ಈ ಅಂತರವನ್ನು ತುಂಬುವ ಹೆಸರಿನಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಸಿಂಗಳೀಕಗಳ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ಗಳ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿತು. ಗೇರುಸೊಪ್ಪೆಯ ನೀರನ್ನು ವಿದ್ಯುತ್ ಹೆಚ್ಚಾದ ಹೊತ್ತಿನಲ್ಲಿ ತಲಕಳಲೆಗೆ ಎತ್ತುವುದು, ಬೇಡಿಕೆಯ ಹೊತ್ತಿನಲ್ಲಿ ಸುರಂಗದ ಮೂಲಕ ಇಳಿಸುವುದು. ನೂರು ಯೂನಿಟ್ ಉಣಿಸಿದರೆ ಮರಳುವುದು ಎಂಬತ್ತರ ಆಸುಪಾಸು. ಇದು ವಿದ್ಯುತ್ತನ್ನು ಹುಟ್ಟಿಸುವ ಕೇಂದ್ರವಲ್ಲ, ಕೂಡಿಡುವ ಗೋದಾಮು. ಅದರ ಬಾಡಿಗೆಯನ್ನು ಕಾಡು ತೆರಬೇಕು. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಯ ಅಹವಾಲು ಸಭೆಗಳಲ್ಲಿ ಜನ ಅದನ್ನು ವಿರೋಧಿಸಿದರು.

ವಿರೋಧಿಸಿದವರನ್ನು ಅಭಿವೃದ್ಧಿಯ ಶತ್ರುಗಳೆನ್ನುವವರು ತುಮರಿಯ ಕಡೆಗೊಮ್ಮೆ ಹೋಗಿ ಬರಲಿ. 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಸುತ್ತುವರಿದ ಆ ಸೀಮೆಗೆ ಸೇತುವೆಯೊಂದು ಲೋಕಾರ್ಪಣೆಯಾದದ್ದು 2025ರ ಜುಲೈನಲ್ಲಿ. ನಾಡಿಗೆ ಬೆಳಕು ಕೊಟ್ಟವರು ಅರವತ್ತೊಂದು ವರ್ಷ ಲಾಂಚಿಗಾಗಿ ದಡದಲ್ಲಿ ನಿಂತಿದ್ದರು.

ಪರ್ಯಾಯವೇನೆಂದು ಕೇಳುವವರಿಗೆ ಉತ್ತರ ಮಲ್ಲತ್ತಹಳ್ಳಿಯ ಮಾಳಿಗೆಯ ಮೇಲೆಯೇ ಇದೆ. ಅಲ್ಲಿನ ಮನೆಮನೆಯ ಮೇಲೆ ಕಾಣುವ ಸೌರ ಬಿಸಿನೀರಿನ ತೊಟ್ಟಿಗಳು ತಾವಾಗಿ ಹತ್ತಿದವಲ್ಲ. 2007ರಲ್ಲಿ ಸರ್ಕಾರ ಅವನ್ನು ಕಡ್ಡಾಯಗೊಳಿಸಿದ್ದರ ಫಲವೂ ಹೌದು. ಅದೇ ಮಾಳಿಗೆಯ 300 ಚದರಡಿಯಲ್ಲಿ 3 ಕಿಲೋವಾಟ್‌ಗಳ ಫಲಕ ಹೂಡಿದರೆ ದಿನಕ್ಕೆ ಸುಮಾರು 12 ಯೂನಿಟ್ ದೊರೆಯುತ್ತದೆ. ಒಂದು ಸ್ಕೂಟರಿನ ಬ್ಯಾಟರಿ ತುಂಬಲು ಸುಮಾರು 3 ಯೂನಿಟ್ ಸಾಕು. 2024ರ ಕೇಂದ್ರ ಯೋಜನೆ ಇಂತಹ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿತು. ಆದರೆ 2023ರ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಬಾರದ ಮನೆಯವನು ಫಲಕವನ್ನೇಕೆ ಹೂಡಿಯಾನು? ಬಡವರ ಮನೆಗೆ ಆ ಯೋಜನೆ ಆಸರೆ, ಸಂದೇಹವಿಲ್ಲ. ಉಳ್ಳವರ ಮಾಳಿಗೆಯನ್ನು ಬರಿದಾಗಿಯೇ ಉಳಿಸಿದ್ದು ಮಾತ್ರ ಜಾಣತನವಲ್ಲ.

ಸ್ಕೂಟರು ಹಗಲಿನಲ್ಲಿ ಮನೆಯಲ್ಲಿರುವುದಿಲ್ಲ ಎಂಬ ಆಕ್ಷೇಪ ನಿಜ. ಅದು ಕಾಲೇಜಿನ, ಕಚೇರಿಯ ಅಂಗಳದಲ್ಲಿ ಬಿಸಿಲಿಗೆ ನಿಂತಿರುತ್ತದೆ. ಮಲ್ಲತ್ತಹಳ್ಳಿಯ ತಾಂತ್ರಿಕ ಕಾಲೇಜು, ಪಕ್ಕದ ಜ್ಞಾನಭಾರತಿ ಆವರಣ, ಮೆಟ್ರೋ ನಿಲ್ದಾಣ, ಎಲ್ಲೆಲ್ಲಿ ವಾಹನ ನಿಲ್ಲುವುದೋ ಅಲ್ಲೆಲ್ಲ ಫಲಕದ ಚಾವಣಿ ಹೊದಿಸಿದರೆ ನೆರಳೂ ಸಿಕ್ಕೀತು, ಹಗಲಿನ ವಿದ್ಯುತ್ತು ಹಗಲಿನಲ್ಲೇ ಚಕ್ರ ಸೇರೀತು. ಸಂಜೆಗೆ ಉಳಿಯುವ ಕೊರತೆಗೆ ನಗರದೊಳಗಿನ ಉಪಕೇಂದ್ರಗಳಲ್ಲಿ ಬ್ಯಾಟರಿ ಇಡಬಹುದು. ಅದಕ್ಕೆ ಒಂದು ಮರವನ್ನೂ ಕಡಿಯಬೇಕಿಲ್ಲ.

ಕಣಿವೆಯಲ್ಲಿ ಸುರಂಗ ಕೊರೆಯುವ ಮಾತಿಗೆ ಮೊದಲು ರಾಜಧಾನಿಯ ಮಾಳಿಗೆಗಳ ಈ ಲೆಕ್ಕವನ್ನು ವಾರ್ಡುವಾರು ತೆಗೆದು, ಕನ್ನಡದಲ್ಲಿ ಬರೆದು, ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳ ಗ್ರಾಮಸಭೆಗಳ ಮುಂದಿಡುವ ಹೊಣೆ ಇಂಧನ ಇಲಾಖೆಯದು.