ರಸ್ತೆಗಿಂತ ಒಂದು ಅಡಿ ತಗ್ಗಿನಲ್ಲಿರಲಿ ಉದ್ಯಾನ

‘ಪಾಣಿ ಅಡವಾ, ಪಾಣಿ ಜಿರವಾ’ ಎನ್ನುವುದು ಮಹಾರಾಷ್ಟ್ರದ ಹಳ್ಳಿಗಳಿಗೆ ಚಿರಪರಿಚಿತವಾದ ಸರ್ಕಾರಿ ಘೋಷಣೆ. ನೀರನ್ನು ತಡೆಯಿರಿ, ನೀರನ್ನು ಇಂಗಿಸಿರಿ. ಅದೇ ಸರ್ಕಾರ ಮುಂಬೈ ಮಳೆಯ ಬಗ್ಗೆ ಮಾತಾಡುವಾಗ ಪದ ಬದಲಾಗುತ್ತದೆ. ಇಲ್ಲಿ ನೀರಿನ ‘ನಿಚರಾ’ ಆಗಬೇಕು, ಅಂದರೆ ಬಸಿದು ಹೊರಗೆ ಹೋಗಬೇಕು. ಹಳ್ಳಿಯಲ್ಲಿ ಉಳಿಸಿಕೊಳ್ಳುವ ಮಳೆ ನಗರದಲ್ಲಿ ಸಾಗಹಾಕುವ ಮಳೆಯಾಗಿದೆ.

ಆದರೆ ಸಾಗಹಾಕುವುದು ಎಲ್ಲಿಗೆ? ಮುಂಬೈಯ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದವು. 1993ರ ಬ್ರಿಮ್‌ಸ್ಟೋವಾಡ್ ವರದಿ ಅದನ್ನು 50ಕ್ಕೆ ಏರಿಸಲು ಹೇಳಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದದ್ದು 944 ಮಿ.ಮೀ. ಚರಂಡಿ ಎಷ್ಟೇ ಅಗಲವಾದರೂ ಕಡಲು ಉಬ್ಬಿದ ಹೊತ್ತಿನಲ್ಲಿ ಅದರ ಬಾಯಿ ಮುಚ್ಚಿರುತ್ತದೆ. ಆ ಕೆಲವು ಗಂಟೆ ನೀರು ಎಲ್ಲಾದರೂ ತಂಗಬೇಕು.

ಪಾಲಿಕೆಗೂ ಇದು ಗೊತ್ತಿದೆ. ಹಿಂದಮಾತಾದಲ್ಲಿ ನಿಲ್ಲುವ ನೀರಿಗಾಗಿ ದಾದರ್‌ನ ಪ್ರಮೋದ್ ಮಹಾಜನ್ ಉದ್ಯಾನ ಮತ್ತು ಪರೇಲ್‌ನ ಸೇಂಟ್ ಝೇವಿಯರ್ ಮೈದಾನದ ಅಡಿಯಲ್ಲಿ ದೊಡ್ಡ ತೊಟ್ಟಿಗಳನ್ನು ಕಟ್ಟಿದೆ. ನೀರನ್ನು ಪಂಪ್ ಮಾಡಿ ಅಲ್ಲಿ ತುಂಬುವುದು, ಉಬ್ಬರ ಇಳಿದ ಮೇಲೆ ಬಿಡುವುದು. ಯೋಚನೆ ಸರಿಯೇ. ಆದರೆ ಪ್ರತಿ ಬಡಾವಣೆಯಲ್ಲೂ ನೆಲ ಅಗೆದು ಕಾಂಕ್ರೀಟ್ ತೊಟ್ಟಿ ಕಟ್ಟಲು ಸಾಧ್ಯವೇ?

ಸುಲಭದ ದಾರಿ ಕಣ್ಣೆದುರೇ ಇದೆ. ನಮ್ಮ ಉದ್ಯಾನಗಳನ್ನು ಸಾಮಾನ್ಯವಾಗಿ ಮಣ್ಣು ತುಂಬಿ ರಸ್ತೆಗಿಂತ ಎತ್ತರಿಸುತ್ತಾರೆ, ಸುತ್ತ ಕಟ್ಟೆ ಕಟ್ಟುತ್ತಾರೆ. ಮಳೆ ಬಂದರೆ ಉದ್ಯಾನದ ನೀರೂ ರಸ್ತೆಗೇ ಇಳಿಯುತ್ತದೆ. ಇದನ್ನು ತಿರುವುಮುರುವು ಮಾಡಬೇಕು. ಒಂದು ಎಕರೆ ಉದ್ಯಾನ ರಸ್ತೆಗಿಂತ ಒಂದು ಅಡಿ ತಗ್ಗಿದ್ದರೆ ಸುಮಾರು 12 ಲಕ್ಷ ಲೀಟರ್ ನೀರು ಅಲ್ಲಿ ನಿಲ್ಲಬಲ್ಲದು, ಪಂಪ್ ಇಲ್ಲದೆ. ರಸ್ತೆಯಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಕಂಡಿ ಬಿಟ್ಟು, ಮರದ ಬುಡದ ಸಿಮೆಂಟ್ ತೆಗೆದು, ಜಲ್ಲಿ, ಮರಳು, ಮಣ್ಣಿನ ಪದರದ ಪಾತಿ ಮಾಡಿದರೆ ಬೀದಿಯೂ ತನ್ನ ಪಾಲು ಹೊರುತ್ತದೆ. ಹೆಚ್ಚಾದದ್ದು ಚರಂಡಿಗೆ ಹೋಗಲಿ.

ಮುಂಬೈಯಂತೆಯೇ ತಗ್ಗು ನೆಲದ, ಕಡಲ ಬದಿಯ ಬ್ಯಾಂಕಾಕ್ ಇದನ್ನು ಮಾಡಿ ತೋರಿಸಿದೆ. ಅಲ್ಲಿ 2017ರಲ್ಲಿ ತೆರೆದ ಚುಲಾಲಾಂಗ್‌ಕಾರ್ನ್ ಶತಮಾನೋತ್ಸವ ಉದ್ಯಾನವನ್ನು ಒಂದು ಕಡೆಗೆ ಓರೆಯಾಗಿ ಕಟ್ಟಿ, ತಗ್ಗಿನ ತುದಿಯಲ್ಲಿ ಕೊಳ ಮಾಡಿದ್ದಾರೆ. ಚೆನ್ನೈ ಪಾಲಿಕೆಯೂ ಕೆಲವು ಉದ್ಯಾನಗಳಲ್ಲಿ ತಗ್ಗು ತೋಡಿ ‘ಸ್ಪಾಂಜ್ ಪಾರ್ಕ್’ ಮಾಡಿದೆ.

ಆಕ್ಷೇಪಗಳು ಹಗುರವಲ್ಲ. ಜುಲೈ ಹೊತ್ತಿಗೆ ಮುಂಬೈಯ ನೆಲ ನೆನೆದು ತುಂಬಿರುತ್ತದೆ, ನೀರು ಬೇಗ ಇಂಗುವುದಿಲ್ಲ. ನಿಜ. ಅದಕ್ಕೇ ಇಲ್ಲಿ ಇಂಗುವುದಕ್ಕಿಂತ ತಂಗುವುದು ಮುಖ್ಯ. ಸೊಳ್ಳೆಯ ಭಯವೂ ಇದೆ. ಮೊಟ್ಟೆ ಸೊಳ್ಳೆಯಾಗಲು ವಾರದಷ್ಟು ಬೇಕು. ಎರಡು ದಿನದಲ್ಲಿ ನೀರು ಬಸಿದುಹೋಗುವಂತೆ ಕೊಳವೆ ಇಟ್ಟರೆ ಆ ಭಯವಿಲ್ಲ. 944 ಮಿ.ಮೀ. ಮಳೆಯನ್ನು ಯಾವ ಉದ್ಯಾನವೂ ತಡೆಯದು, ಆದರೆ ವರ್ಷಕ್ಕೆ ನಾಲ್ಕಾರು ಬಾರಿ ಮೊಣಕಾಲುದ್ದ ನಿಲ್ಲುವ ನೀರನ್ನು ತಗ್ಗಿಸಬಲ್ಲದು. ಎಲ್ಲಕ್ಕಿಂತ ದೊಡ್ಡ ತೊಡಕು ನಿರ್ವಹಣೆ. ಹೂಳು, ಪ್ಲಾಸ್ಟಿಕ್ ತೆಗೆಯದಿದ್ದರೆ ಪಾತಿ ಎರಡೇ ಮಳೆಗಾಲದಲ್ಲಿ ಕಸದಗುಂಡಿ. ಹಾಗಾಗಿ ಕಟ್ಟುವ ಟೆಂಡರ್‌ನಲ್ಲೇ ಐದು ವರ್ಷದ ನಿರ್ವಹಣೆಯೂ ಸೇರಿರಬೇಕು.

ಮುಂಬೈಯ ರಸ್ತೆಗಳಿಗೆ ಈಗ ಸಾಲುಸಾಲಾಗಿ ಕಾಂಕ್ರೀಟ್ ಬೀಳುತ್ತಿದೆ. ಹಾಕುವಾಗಲೇ ಕಂಡಿ ಬಿಡುವುದು ಸುಲಭ, ಆಮೇಲೆ ಒಡೆಯುವುದು ದುಬಾರಿ. ವಾರ್ಡ್ ಕಚೇರಿಗೆ ಚರಂಡಿ ಹೂಳಿನ ದೂರು ಒಯ್ಯುವವರು, ಮುಂದಿನ ಸಲ ಇನ್ನೊಂದು ಪ್ರಶ್ನೆಯನ್ನೂ ಒಯ್ಯಲಿ: ನಮ್ಮ ಬೀದಿಯ ಉದ್ಯಾನ ರಸ್ತೆಗಿಂತ ಮೇಲಿದೆಯೋ, ಕೆಳಗಿದೆಯೋ?